ಮೇಲ್ಮನೆಯವರ ಮೇಲ್ಮನವಿ

ಜನ ನಾನಾ ಕಾರಣಕ್ಕೆ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಜಾಗಕ್ಕಾಗಿ ಹತ್ತುತ್ತಾರೆ, ಮಾನಕ್ಕಾಗಿ ಹತ್ತುತ್ತಾರೆ, ಹೆಂಡತಿಗಾಗಿ ಹತ್ತುತ್ತಾರೆ, ಹೆಂಡತಿಯ ದೆಸೆಯಿಂದಲೂ ಹತ್ತುತ್ತಾರೆ. ಆದರೆ ಮೆಟ್ಟಿಲಿಗಾಗಿಯೇ ಕೋರ್ಟಿನ ಮೆಟ್ಟಿಲು ಹತ್ತಿ, ಹೋಗಬೇಕಾದ ಬಾಗಿಲೊಂದನ್ನು ಬಿಟ್ಟು ಹೋಗಬಾರದ ಅಂತಸ್ತುಗಳನ್ನೆಲ್ಲ ಹತ್ತಿ, ಕಡೆಗೆ ನೀರಿನ ಟ್ಯಾಂಕಿನವರೆಗೂ ಹೋಗಿ ಬಂದ ಕೀರ್ತಿ ನಮ್ಮ ಬೀದಿಯ ಹೈಕೋರ್ಟು ಒಬ್ಬನಿಗೇ ಸಲ್ಲಬೇಕು.

ಹೈಕೋರ್ಟಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಅದನ್ನು ಅಂಚೆಯವನೂ ಮರೆತಿದ್ದಾನೆ. ಉದ್ಯೋಗದಲ್ಲಿ ಆತ ಬೋರ್ಡು ಬರೆಯುವವನು. ಹನ್ನೆರಡು ವರ್ಷದ ಹಿಂದೆ ಊರಿನ ನ್ಯಾಯಾಲಯಕ್ಕೆ ಹೊಸ ಕಟ್ಟಡವಾದಾಗ ಅದರ ಬೋರ್ಡುಗಳನ್ನೆಲ್ಲ ಬರೆಯುವ ಕೆಲಸ ಅವನಿಗೆ ಸಿಕ್ಕಿತು. 'ನಿಶ್ಶಬ್ದ'ದಿಂದ ಹಿಡಿದು 'ಪುರುಷರು' ತನಕ ಎಲ್ಲವೂ ಅವನ ಕೈಬರಹ. ಅದಲ್ಲದೆ ಹಜಾರದ ಗೋಡೆಯ ಮೇಲೆ ಆಳೆತ್ತರದ ಒಂದು ಪಟ: 'ರಾಜ್ಯದ ನ್ಯಾಯಾಲಯಗಳ ವ್ಯವಸ್ಥೆ'. ಕೆಳಗೆ ಸಾಲಾಗಿ ಸಣ್ಣ ಚೌಕಗಳು, ಅವುಗಳ ಮೇಲೆ ಮೂರು ಮಧ್ಯಮ ಚೌಕಗಳು, ತುದಿಯಲ್ಲಿ ಒಂದೇ ಒಂದು ದೊಡ್ಡ ಚೌಕ. ಕೆಳಗಿನಿಂದ ಮೇಲಕ್ಕೆ ಕೆಂಪು ಬಾಣದ ಗುರುತುಗಳು. ಆ ಕಟ್ಟಡಕ್ಕೂ ಮೂರೇ ಅಂತಸ್ತು. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲವೆಂದು ಈಗಲೇ ಹೇಳಿಬಿಡುವುದು ವಾಸಿ.

ಪಟ ಬರೆಯಲು ಒಂಬತ್ತು ದಿನ ಹಿಡಿಯಿತು. ಒಂಬತ್ತು ದಿನ ಕೋರ್ಟಿನೊಳಗಿದ್ದು ಜೈಲಿಗೆ ಹೋಗದೆ ಮನೆಗೆ ಬಂದವನಿಗೆ ಕಾನೂನು ಗೊತ್ತಿರಲೇಬೇಕು ಎಂದು ಬೀದಿ ತೀರ್ಮಾನಿಸಿತು. ಆತ ಅದಕ್ಕೆ ತಕರಾರು ತೆಗೆಯಲಿಲ್ಲ. ಮಾತೂ ಬೋರ್ಡಿನ ಮಾತಾಯಿತು. ಮನೆಯಲ್ಲಿ ಯಾರಾದರೂ ದನಿ ಏರಿಸಿದರೆ "ನಿಶ್ಶಬ್ದ!" ಎನ್ನುತ್ತಿದ್ದ. ಅಡುಗೆಮನೆಗೆ ಇಣುಕಿದ ಬಾಮೈದನಿಗೆ "ಅನುಮತಿಯಿಲ್ಲದೆ ಒಳಗೆ ಪ್ರವೇಶವಿಲ್ಲ." ಇಸ್ತ್ರಿ ಅಂಗಡಿಯವನು ತಾನು ಸುಟ್ಟ ಅಂಗಿಯ ಬಗ್ಗೆ ಸಲಹೆ ಕೇಳಿದರೆ ಕಣ್ಣು ಮುಚ್ಚಿ, ಕಾಲು ಕುಣಿಸುತ್ತ, "ಇದು ಮೇಲಿನ ಕೋರ್ಟಿಗೆ ಹೋಗೋ ವಿಷಯ" ಎನ್ನುತ್ತಿದ್ದ. ಕಾಲು ಕುಣಿಸುವುದು ಅವನ ಹುಟ್ಟುಗುಣ. ಕೂತರೆ ಕಾಲು ಕುಣಿಯುತ್ತದೆ, ನಿಂತರೆ ಇಡೀ ಆಳೇ ಕುಣಿಯುತ್ತಾನೆ. ಬ್ರಷ್ಷು ಹಿಡಿದಾಗ ಮಾತ್ರ ಕಲ್ಲು.

ಆತ ಇರುವುದು ಮಹಡಿಯ ಮೇಲೆ, ಹೆಂಡತಿ ಮತ್ತು ಅತ್ತೆಯ ಜೊತೆ. ಕೆಳಮನೆ ಕನ್ನಡಕದವರದು. ಅವರು ಮುಂದಿನ ಕೋಣೆಯಲ್ಲೇ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಾರೆ. ಅವರ ಕಿಟಕಿಯ ಎದುರಿನಿಂದ ಹದಿನೇಳು ಮೆಟ್ಟಿಲು ಮೇಲ್ಮನೆಗೆ ಏರುತ್ತವೆ. ಕೊನೆಯ ಮೆಟ್ಟಿಲಿನ ಮೇಲೆ, ಮಂಡಿಗೆ ಬಟ್ಟೆ ಕಟ್ಟಿಕೊಂಡು, ಬೀದಿಯ ಮೇಲ್ವಿಚಾರಣೆ ನಡೆಸುತ್ತ ಅತ್ತೆ ಕೂತಿರುತ್ತಾರೆ.

"ನಿಮ್ಮ ಮೆಟ್ಟಿಲು ನನ್ನ ಬೆಳಕು ತಿಂತಾ ಇದೆ," ಎಂದರು ಕನ್ನಡಕದವರು ಒಂದು ಬೆಳಿಗ್ಗೆ.

"ಮೆಟ್ಟಿಲು ಏನೂ ತಿನ್ನಲ್ಲ. ಅದರ ಮೇಲೆ ಕೂತೋರು ತಿಂತಾರೆ," ಎಂದರು ಅತ್ತೆ ಬಿಸ್ಕತ್ತು ಅಗಿಯುತ್ತ.

"ತಮಾಷೆ ಅಲ್ಲಮ್ಮ. ಗೋಡೇಲಿ ಅಕ್ಷರದ ಪಟ ಇದೆ, ಕತ್ತಲಲ್ಲಿ ಯಾರಿಗೂ ಕಾಣಲ್ಲ. ಮೊನ್ನೆ ಒಬ್ರಿಗೆ ಮೂರು ನಂಬರು ಕೊಟ್ಟೆ. ಹಾಕ್ಕೊಂಡು ಬೀದಿಗೆ ಹೋಗಿ ಲೈಟು ಕಂಬಕ್ಕೆ 'ಚೆನ್ನಾಗಿದೀರಾ' ಅಂದ್ರಂತೆ! ಕಣ್ಣು ಸರಿಯಾಗೇ ಇತ್ತು ಕಣ್ರಿ, ಕತ್ತಲಿಗೆ ನಂಬರು ಕೊಟ್ಟಿದ್ದೆ. ಮೆಟ್ಟಿಲನ್ನ ಹಿಂದಕ್ಕೆ ಹಾಕ್ಕೊಳ್ಳಿ."

"ಹಿಂದೆ ಪಕ್ಕದ ಮನೆ ಗೋಡೆ," ಎಂದಳು ಹೆಂಡತಿ.

"ಹಾಗಾದ್ರೆ ನಾನೇನು ಮಾಡ್ಲಿ?"

ಇಲ್ಲಿ ಹೈಕೋರ್ಟು ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆತ ಎಂಟನೇ ಮೆಟ್ಟಿಲಿನ ಮೇಲೆ ನಿಂತು, ಎದೆ ಉಬ್ಬಿಸಿ, ಬೀದಿಗೆಲ್ಲ ಕೇಳುವಂತೆ ಹೇಳಿದ: "ಹೋಗ್ರಿ, ಕೋರ್ಟಿಗೆ ಹೋಗ್ರಿ! ಆ ಕೋರ್ಟಿನ ಒಂದೊಂದು ಬಾಗಿಲ ಮೇಲೂ ನನ್ನ ಅಕ್ಷರ ಇದೆ!"

ಕನ್ನಡಕದವರು ಕನ್ನಡಕ ಒರೆಸಿಕೊಂಡು ಹೋದರು. ಹೋದದ್ದು ನೇರ ಕೋರ್ಟಿಗೆ.

ತಿಂಗಳೊಳಗೆ ಸಮನ್ಸು ಬಂತು. 'ದಾವೆಯ ಪ್ರತಿವಾದಿಯಾದ ನೀವು ಇದೇ ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹನ್ನೊಂದು ಗಂಟೆಗೆ ವಿಚಾರಣೆಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ನಿಮ್ಮ ಗೈರುಹಾಜರಿಯಲ್ಲೇ ತೀರ್ಮಾನಿಸಲಾಗುವುದು.'

"ಒಬ್ಬ ವಕೀಲರನ್ನ ನೋಡೋಣ ಭಾವ," ಎಂದ ಬಾಮೈದ.

"ವಕೀಲರ ಕೋಣೆಗೆ 'ವಕೀಲರ ಕೋಣೆ' ಅಂತ ಬರೆದೋನು ಯಾರು?"

"ನೀವು."

"ಮತ್ತೆ?"

ಬಾಮೈದ ಸಮನ್ಸನ್ನು ಮಡಚಿ ಭಾವನ ಜೇಬಿಗೆ ಹಾಕಿದ.

ಹದಿನಾಲ್ಕರಂದು ಹೈಕೋರ್ಟು ಗಂಜಿ ಹಾಕಿದ ಅಂಗಿ ತೊಟ್ಟು, ಹತ್ತೂವರೆಗೇ ಕೋರ್ಟಿನ ಹಜಾರದಲ್ಲಿದ್ದ. ಹುಡುಕಬೇಕಾದ ಕಷ್ಟವೇ ಇರಲಿಲ್ಲ. ಎದುರಿಗೇ ಕಂಬಿ ಹಾಕಿದ ಒಂದು ಕಿಂಡಿ; ಅದರ ಮೇಲೆ ನೀಲಿ ಹಲಗೆಯಲ್ಲಿ, ನೆರಳು ಬಿಡಿಸಿದ ಬಿಳಿ ಅಕ್ಷರದಲ್ಲಿ, ಅವನದೇ ಕೈಯಲ್ಲಿ: 'ವಿಚಾರಣೆ'. ಕಿಂಡಿಯ ಹಿಂದೆ ಗುಮಾಸ್ತರೊಬ್ಬರು ಟೀ ಕುಡಿಯುತ್ತ ಕೂತಿದ್ದರು.

"ಏನು?"

"ವಿಚಾರಣೆಗೆ ಬಂದಿದೀನಿ."

"ವಿಚಾರಿಸಿ."

ಹೈಕೋರ್ಟು ತಬ್ಬಿಬ್ಬಾದ. "ನಾನಾ? ನೀವಲ್ವಾ ವಿಚಾರಿಸೋದು?"

"ಹನ್ನೆರಡು ವರ್ಷದಿಂದ ಕೂತಿದೀನಿ. ಎಲ್ರೂ ನನ್ನನ್ನೇ ವಿಚಾರಿಸೋದು."

ಎಂಥ ವಿನಯ, ಎಂದುಕೊಂಡ ಹೈಕೋರ್ಟು. ಕರೀ ಕೋಟಿಲ್ಲ, ಎತ್ತರದ ಕುರ್ಚಿಯಿಲ್ಲ, ಟೀ ಲೋಟವನ್ನೂ ತಾವೇ ಹಿಡಿದಿದ್ದಾರೆ! ಕಂಬಿ ಹಿಡಿದುಕೊಂಡು ಮೊದಲಿನಿಂದ ಹೇಳತೊಡಗಿದ.

ಗುಮಾಸ್ತರ ಪಾಡನ್ನೂ ನೀವು ಅರ್ಥಮಾಡಿಕೊಳ್ಳಬೇಕು. ಹನ್ನೆರಡು ವರ್ಷದಲ್ಲಿ ಆ ಕಿಂಡಿಗೆ ಬಂದವರೆಲ್ಲ ಎರಡೇ ಪ್ರಶ್ನೆ ಕೇಳಿದ್ದರು. ಒಂದು, ಮೂರನೇ ನಂಬರಿನ ಕೋರ್ಟು ಎಲ್ಲಿ. ಎರಡು, ಶೌಚಾಲಯ ಎಲ್ಲಿ. ಮನಸ್ಸು ಬಿಚ್ಚಿ ಮಾತಾಡಿದ ಮೊದಲ ಪ್ರಾಣಿ ಇದು. ಅವರು ಲೋಟ ಕೆಳಗಿಟ್ಟು ಮುಂದಕ್ಕೆ ಬಾಗಿದರು.

"ಎಷ್ಟು ಮೆಟ್ಟಿಲು?"

"ಹದಿನೇಳು."

"ಎಲ್ಲಾ ಒಂದೇ ಎತ್ತರಾನಾ?"

"ಹನ್ನೊಂದನೇದು ಒಂದಿಂಚು ಜಾಸ್ತಿ. ನಮ್ಮತ್ತೆ ಅಲ್ಲಿ ನಿಂತು ಬೈದೇ ಹತ್ತೋದು."

"ಯಾರನ್ನ?"

"ನನ್ನ."

"ಛೇ, ಛೇ, ಛೇ," ಎಂದರು ಗುಮಾಸ್ತರು, ಸ್ವಂತ ಅತ್ತೆಯನ್ನು ನೆನೆದು.

ಅಷ್ಟರಲ್ಲಿ ಹಜಾರದ ಆ ತುದಿಯಿಂದ, ಕೋರ್ಟಿನ ಜವಾನನ ಕೂಗು ಕೇಳಿತು. ಮೂವತ್ತು ವರ್ಷ ಹೆಸರು ಕೂಗಿ ಕೂಗಿ ಆತನ ಗಂಟಲಿನಲ್ಲಿ ಎಲ್ಲ ಹೆಸರುಗಳೂ ಸವೆದುಹೋಗಿ ಬಾಲ ಮಾತ್ರ ಉಳಿದಿತ್ತು. "ಆ...ಪ್ಪಾ! ಆ...ಪ್ಪಾ! ಆ...ಪ್ಪಾಆಆ!"

"ಯಾರೋ ಪಾಪ ಅಪ್ಪನ್ನ ಕಳ್ಕೊಂಡಿದಾರೆ," ಎಂದ ಹೈಕೋರ್ಟು ಮರುಕದಿಂದ.

"ಅಲ್ಲ, ಯಾವನೋ ಪ್ರತಿವಾದಿ ಬಂದಿಲ್ಲ ಅಂತ ಕೂಗ್ತಿದಾನೆ."

"ನೋಡಿ, ಮೂರು ಸಲ ಕರೆದ್ರೂ ಬರಲಿಲ್ಲ ಪುಣ್ಯಾತ್ಮ. ಇಂಥ ಬೇಜವಾಬ್ದಾರಿ ಜನರಿಂದಾನೇ ಕೇಸುಗಳು ಕೊಳೆಯೋದು. ಸರಿ, ಹನ್ನೊಂದನೇ ಮೆಟ್ಟಿಲಿಗೆ ಬಂದೆ ಅಲ್ವಾ..."

ಮುಕ್ಕಾಲು ಗಂಟೆಯ ನಂತರ ಗುಮಾಸ್ತರು ನಿಟ್ಟುಸಿರು ಬಿಟ್ಟು, "ನ್ಯಾಯ ನಿಮ್ಮ ಕಡೆ ಇದೆ ಕಣ್ರಿ. ಧೈರ್ಯವಾಗಿ ಮನೆಗೆ ಹೋಗಿ," ಎಂದರು.

ಹೈಕೋರ್ಟು ಕಂಬಿಯ ಸಂದಿಯಿಂದ ಅವರ ಎರಡು ಬೆರಳು ಹಿಡಿದು ಕಣ್ಣಿಗೊತ್ತಿಕೊಂಡ.

ಬೀದಿಯ ತಿರುವಿನಿಂದಲೇ ಕೂಗುತ್ತ ಬಂದ: "ಗೆದ್ದೆ! ಒಂದೇ ವಿಚಾರಣೆ! ಜಡ್ಜು ಕಣ್ಣಲ್ಲಿ ನೀರು!" ಇಸ್ತ್ರಿಯವನು ಪೆಟ್ಟಿಗೆ ಎತ್ತಿ ಹಿಡಿದು ಜಯಕಾರ ಹಾಕಿದ, ಕೆಳಗಿದ್ದ ಅಂಗಿ ಸದ್ಯ ಉಳಿಯಿತು. ಹೆಂಡತಿ ಮಾತ್ರ, "ಕಾಗದ ಏನಾದ್ರೂ ಕೊಟ್ರಾ?" ಎಂದಳು. "ಮಾತು ಕೊಟ್ಟಿದಾರೆ," ಎಂದ.

ವಿಚಿತ್ರವೆಂದರೆ ಕನ್ನಡಕದವರೂ ಅಂದು ಸಂಜೆ ನಗುನಗುತ್ತ ಬಂದರು. ಇಬ್ಬರೂ ಗೇಟಿನಲ್ಲಿ ಎದುರಾದರು.

"ಏನೂ ಬೇಜಾರಿಲ್ಲ ತಾನೆ?" ಎಂದ ಹೈಕೋರ್ಟು, ಗೆದ್ದವನ ಔದಾರ್ಯದಿಂದ.

"ನನಗೇನು ಬೇಜಾರು? ನಿಮಗೆ ಇಲ್ದಿದ್ರೆ ಸರಿ," ಎಂದರು ಅವರು, ಗೆದ್ದವರ ಔದಾರ್ಯದಿಂದ.

ಎರಡು ವಾರ ಆ ಮನೆಯಲ್ಲಿ ಎಂದೂ ಇಲ್ಲದ ಸೌಹಾರ್ದ ನೆಲೆಸಿತ್ತು. ಆಮೇಲೆ ಕೋರ್ಟಿನ ಅಮೀನರು ಬಂದರು. ಕೋರ್ಟು ಹೇಳಿದ್ದನ್ನು ಮಾಡಿಸುವುದೇ ಅಮೀನರ ಕೆಲಸ. ಟೇಪು ತೆಗೆದು ಮೆಟ್ಟಿಲುಗಳನ್ನು ಅಳೆದರು, ಹನ್ನೊಂದನೆಯದರಲ್ಲಿ ಎಡವಿದರು, ಕಾಗದ ಕೊಟ್ಟರು. ಪ್ರತಿವಾದಿ ವಿಚಾರಣೆಗೆ ಹಾಜರಾಗದ ಕಾರಣ ವಾದಿಯ ಮಾತೇ ಸಾಬೀತಾಗಿದೆ. ಹದಿನೈದು ದಿನದೊಳಗೆ ಮೆಟ್ಟಿಲು ತೆಗೆಯತಕ್ಕದ್ದು. ತಪ್ಪಿದರೆ ಹದಿನಾರನೇ ದಿನ ಅಮೀನರೇ ಆಳು ತಂದು ತೆಗೆಸುವರು.

"ಹಾಜರಾಗಿಲ್ವಾ? ನಾನಾ?" ಹೈಕೋರ್ಟು ಮೆಟ್ಟಿಲನ್ನು ದಡದಡ ಹತ್ತಿ ದಡದಡ ಇಳಿದ. ಮತ್ತೆ ಹತ್ತಿದ. "ಮುಕ್ಕಾಲು ಗಂಟೆ ನಿಂತಿದ್ದೆ! ಕಾಲು ನೋವು ಇನ್ನೂ ಹೋಗಿಲ್ಲ!"

"ಮೆಟ್ಟಿಲು ಸವೆಸಬೇಡಿ, ಇರೋದೇ ಹದಿನೈದು ದಿನ," ಎಂದಳು ಹೆಂಡತಿ. ಆಮೇಲೆ ಅಲ್ಲೇ ಮೆಟ್ಟಿಲಿನ ಮೇಲೆ ಕೂತು, ಮೆಲ್ಲಗೆ, "ಅಮ್ಮನ್ನ ಎಲ್ಲಿ ಅಂತ ಕರ್ಕೊಂಡು ಹೋಗೋದು ರೀ?" ಎಂದಳು.

ಅತ್ತೆ ಮೇಲಿನಿಂದ ಕೇಳಿಸಿಕೊಂಡರು. "ಅಳಿಯಂದ್ರೇ, ಒಂದು ವಿಷಯ ಇವತ್ತೇ ಇತ್ಯರ್ಥ ಮಾಡಿಬಿಡಿ. ಹದಿನಾರನೇ ದಿನ ನಾನು ಮೇಲೆ ಇರಬೇಕಾ, ಕೆಳಗೆ ಇರಬೇಕಾ? ಮೇಲಿದ್ರೆ ಆಮೇಲೆ ಇಳಿಯೋ ಹಾಗಿಲ್ಲ. ಕೆಳಗಿದ್ರೆ ಹತ್ತೋ ಹಾಗಿಲ್ಲ. ಪೂರ್ತಿ ಮೇಲಕ್ಕೇ ಕಳಿಸೋ ಯೋಚನೆ ಇದ್ರೆ ಅದನ್ನೂ ಹೇಳಿ."

ಹೈಕೋರ್ಟು ಮುಷ್ಟಿ ಬಿಗಿದ. "ಅವರು ಕೆಳಮನೆಯೋರು, ಕೆಳಗಿನ ಕೋರ್ಟಿಗೆ ಹೋದ್ರು. ನಾವು ಮೇಲ್ಮನೆಯೋರು. ಮೇಲಿನ ಕೋರ್ಟಿಗೆ ಹೋಗ್ತೀನಿ! ಮೇಲ್ಮನವಿ ಹಾಕ್ತೀನಿ!"

"ಮೇಲ್ಮನೆಯೇ ಹೋಗ್ತಿದೆ, ಇನ್ನು ಮೇಲ್ಮನವಿ ಯಾರಿಗೆ ಬೇಕು? ವಕೀಲರ ಹತ್ರ ಹೋಗಿ ಅಂದ್ರೆ..." ಎಂದಳು ಹೆಂಡತಿ.

"ನಿಶ್ಶಬ್ದ! ನಾನೇ ಬರೀತೀನಿ."

ಬರೆದ. ನಾಲ್ಕಡಿ ಉದ್ದ ಮೂರಡಿ ಅಗಲದ ಹಲಗೆಯ ಮೇಲೆ, ಎಣ್ಣೆ ಬಣ್ಣದಲ್ಲಿ. ಅಂಚಿಗೆ ಬಳ್ಳಿ ಬಿಡಿಸಿದ, ಪ್ರತಿ ಅಕ್ಷರಕ್ಕೆ ನೆರಳು ಕೊಟ್ಟ, ಒಂದು ಬಣ್ಣ ಒಣಗಲು ಎರಡೆರಡು ದಿನ ಕಾದ. ಕಾಯುವಾಗೆಲ್ಲ ಮಹಡಿಯ ಮೇಲೆ ಅವನ ಓಡಾಟದ ಸದ್ದಿಗೆ ಕೆಳಮನೆಯಲ್ಲಿ ಕನ್ನಡಕದ ಗಾಜುಗಳು ಗಲಗಲ ಎನ್ನುತ್ತಿದ್ದವು. ಹದಿನಾಲ್ಕನೇ ದಿನ ಮೇಲ್ಮನವಿ ಸಿದ್ಧವಾಯಿತು:

ಮೇಲ್ಮನವಿ
ಮೇಲ್ಮನೆಯವರಿಂದ, ಮೇಲಿನ ಕೋರ್ಟಿಗೆ.
ನಮ್ಮ ಮೆಟ್ಟಿಲು ನಮಗೆ ಬೇಕು. ಹದಿನೇಳು ಇವೆ. ಒಂದೂ ಬಿಡುವುದಿಲ್ಲ.

ಎಲ್ಲಕ್ಕಿಂತ ಕೆಳಗೆ, ಕಾಳಿನಷ್ಟು ಸಣ್ಣ ಅಕ್ಷರದಲ್ಲಿ: 'ಅತ್ತೆಗೆ ಮಂಡಿನೋವು.'

ಹದಿನೈದನೇ ದಿನ ಬೆಳಿಗ್ಗೆ ಹಲಗೆಯನ್ನು ತಲೆಯ ಮೇಲೆ ಹೊತ್ತು ಕೋರ್ಟಿಗೆ ಬಂದ. ಹಜಾರದಲ್ಲಿ ತಾನೇ ಬರೆದ ಪಟದ ಮುಂದೆ ಒಂದು ಕ್ಷಣ ನಿಂತ. ಕೆಳಗಿನ ಚೌಕ, ಮಧ್ಯದ ಚೌಕ, ಮೇಲಿನ ಚೌಕ. ಬಾಣವೆಂದರೆ ಮೆಟ್ಟಿಲು. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು? ಮೊದಲನೇ ಮಹಡಿಗೆ ಹತ್ತಿದ.

ಮೊದಲನೇ ಮಹಡಿಯಲ್ಲಿ ಕಾಗದದ ಗುಡ್ಡಗಳು. ಎರಡು ಗುಡ್ಡಗಳ ನಡುವೆ ಒಬ್ಬರು ಮೂಗಿಗೆ ವಸ್ತ್ರ ಕಟ್ಟಿಕೊಂಡು ಕೂತಿದ್ದರು.

"ಮೇಲಿನ ಕೋರ್ಟು ಇದೇನಾ ಸ್ವಾಮಿ?"

"ಇದು ಹಳೇ ಕಡತದ ಕೋಣೆ. ಇಲ್ಲಿಗೆ ಬಂದದ್ದು ಯಾವುದೂ ಇವತ್ತಿನವರೆಗೆ ಆಚೆ ಹೋಗಿಲ್ಲ," ಎಂದು ಅವರು ಸೀನಿದರು. "ಬನ್ನಿ, ಕೂತ್ಕೊಳ್ಳಿ."

ಹೈಕೋರ್ಟು ಓಡಿದ. ಎರಡನೇ ಮಹಡಿಯಲ್ಲಿ ಸುತ್ತಿಗೆಯ ಸದ್ದು. ಒಂದು ದೊಡ್ಡ ಕೋಣೆಯ ತುಂಬ ಮುರಿದ ಬೆಂಚುಗಳು, ನಡುವೆ ಬಾಯಲ್ಲಿ ಮೊಳೆ ಕಚ್ಚಿಕೊಂಡ ಬಡಗಿ.

"ಸ್ವಾಮಿ, ಪೀಠ ಇಲ್ಲೇ ಇದೆಯಾ?"

ಬಡಗಿ ಸುತ್ತ ನೋಡಿ, ಮೊಳೆಯ ಸಂದಿಯಿಂದ, "ಎಲ್ಲಾ ಪೀಠಾನೂ ಇಲ್ಲೇ ಇದೆ," ಎಂದ.

"ನನಗೆ ಪೂರ್ಣ ಪೀಠ ಬೇಕು."

"ಪೂರ್ಣ ಯಾವುದೂ ಇಲ್ಲ. ಎಲ್ಲಾದಕ್ಕೂ ಒಂದೊಂದು ಕಾಲಿಲ್ಲ."

"ವಿಭಾಗೀಯ ಪೀಠ?"

"ಅಗೋ ಅಲ್ಲಿ, ಎರಡು ಭಾಗ ಆಗಿ ಬಿದ್ದಿದೆ. ನಿಮ್ಮ ಹಲಗೆ ಚೆನ್ನಾಗಿದೆ, ಕೊಡಿ, ಅದಕ್ಕೆ ಹೊಡೀತೀನಿ."

ಹೈಕೋರ್ಟು ಮೇಲ್ಮನವಿಯನ್ನು ಅಪ್ಪಿಕೊಂಡು ಮತ್ತೆ ಓಡಿದ. ಇನ್ನೊಂದು ಸಣ್ಣ ಮೆಟ್ಟಿಲ ಸಾಲು ಇತ್ತು. ಹತ್ತಿ ಬಾಗಿಲು ನೂಕಿದರೆ ಬಿಸಿಲು, ಪಾರಿವಾಳ, ನೀರಿನ ಟ್ಯಾಂಕು. ಟ್ಯಾಂಕಿನೊಳಗಿಂದ ಪೊರಕೆ ಹಿಡಿದ ಒಂದು ತಲೆ ಎದ್ದಿತು.

"ಇದಕ್ಕಿಂತ ಮೇಲೆ ಏನಾದ್ರೂ ಇದೆಯಾ?" ಹೈಕೋರ್ಟು ಏದುಸಿರಿನಲ್ಲಿ ಕೇಳಿದ.

"ಇದೆ. ಅಲ್ಲಿಗೆ ಹೋಗೋಕೆ ಅರ್ಜಿ ಬೇಕಾಗಿಲ್ಲ," ಎಂದು ತಲೆ ಒಳಗೆ ಮುಳುಗಿತು.

ಅವನು ಇಳಿದು ಬಂದಾಗ ಮಧ್ಯಾಹ್ನ ಮೂರೂವರೆ. ಅಂಗಿಯ ಗಂಜಿ ಕರಗಿತ್ತು. ತಲೆಯ ಮೇಲೆ ಹಲಗೆಯ ಹಸಿ ಬಳ್ಳಿಯೊಂದು ಅಚ್ಚಾಗಿತ್ತು. ಕಿಂಡಿಯ ಬಳಿ ನಿಂತು ಕಂಬಿ ಅಲ್ಲಾಡಿಸಿದ. "ಮಹಾಸ್ವಾಮಿ! ನ್ಯಾಯ ನನ್ನ ಕಡೆ ಇದೆ ಅಂದ್ರಿ! ನಾಳೆ ಬೆಳಿಗ್ಗೆ ಮೆಟ್ಟಿಲು ಹೋಗುತ್ತೆ! ನೀವು ಎಂಥ ಜಡ್ಜು?"

ಗುಮಾಸ್ತರ ಕೈಯಲ್ಲಿದ್ದ ಟೀ ಅವರ ತೊಡೆಗೆ ವರ್ಗವಾಯಿತು. "ಜಡ್ಜಾ? ನಾನಾ?"

"ಬೋರ್ಡು ನೋಡಿ! ವಿಚಾರಣೆ!"

"ಅಯ್ಯೋ ದೇವರೇ. ಇದು ಕೇಳಿ ತಿಳ್ಕೊಳ್ಳೋ ವಿಚಾರಣೆ ಕಣ್ರಿ! ಆ ವಿಚಾರಣೆ ಮೂರನೇ ನಂಬರಿನ ಬಾಗಿಲಲ್ಲಿ. ಅವತ್ತು 'ಅಪ್ಪಾ' ಅಂತ ಕೂಗಿದ್ದು..." ಗುಮಾಸ್ತರು ತಲೆ ಹಿಡಿದುಕೊಂಡರು. "ನಿಮ್ಮನ್ನೇ."

ಹೈಕೋರ್ಟಿನ ಕಾಲು, ಕೈಯಲ್ಲಿ ಬ್ರಷ್ಷಿಲ್ಲದೆ, ಮೊದಲ ಬಾರಿಗೆ ಕುಣಿಯುವುದನ್ನು ನಿಲ್ಲಿಸಿತು.

ಗುಮಾಸ್ತರು ಕಿಂಡಿ ಮುಚ್ಚಿ ಹೊರಗೆ ಬಂದರು. ಹನ್ನೆರಡು ವರ್ಷದಲ್ಲಿ ಅವರಿಗೂ ಕಾಲುಗಳಿವೆ ಎಂದು ಹಜಾರಕ್ಕೆ ಗೊತ್ತಾದದ್ದು ಅಂದೇ. ಅವನನ್ನು ಪಟದ ಮುಂದೆ ನಿಲ್ಲಿಸಿದರು.

"ಇದನ್ನ ನೀವೇ ಬರೆದದ್ದಲ್ವಾ?"

"ಬರೆದೆ. ಓದಲಿಲ್ಲ. ಓದ್ತಾ ಕೂತ್ರೆ ಅಕ್ಷರ ಸೊಟ್ಟ ಆಗುತ್ತೆ."

"ಈಗ ಓದಿ. ಈ ಕೆಳಗಿನ ಸಾಲಿನ ಚೌಕಗಳಿವೆಯಲ್ಲ, ಸಿವಿಲ್ಲು, ಕ್ರಿಮಿನಲ್ಲು, ಗಂಡ ಹೆಂಡ್ತಿ ಜಗಳದ್ದು, ಸಣ್ಣಪುಟ್ಟ ವ್ಯಾಜ್ಯದ್ದು, ಇವೆಲ್ಲಾ ಈ ಕಟ್ಟಡದ್ದೇ, ಇದೇ ಹಜಾರದ್ದೇ. ಮಧ್ಯದ ಸಾಲು ಜಿಲ್ಲೆಯ ಕೋರ್ಟುಗಳು, ನಮ್ಮದು ಸೇತುವೆ ಆಚೆ ಇದೆ. ತುದೀಲಿರೋದು ನಿಮ್ಮ ಹೆಸರಿಂದು, ಹೈಕೋರ್ಟು. ರಾಜಧಾನೀಲಿದೆ, ರೈಲಲ್ಲಿ ಒಂಬತ್ತು ಗಂಟೆ. ಇದು ಮಹಡಿ ನಕ್ಷೆ ಅಲ್ಲ ಮಾರಾಯ್ರೆ!"

"ಬಾಣ?"

"ತೀರ್ಪು ಒಪ್ಪಿಗೆ ಆಗದಿದ್ರೆ ಕೇಸು ಹೋಗೋ ದಾರಿ. ನೀವು ಹೋಗೋ ದಾರಿ ಅಲ್ಲ."

"ಹಾಗಾದ್ರೆ ರೈಲು ಎಷ್ಟು ಹೊತ್ತಿಗೆ?"

"ಸ್ವಲ್ಪ ನಿಲ್ರಿ! ಮೇಲಿನವರು ನೋಡೋದು ಏನನ್ನ? ಕೆಳಗಿನವರು ಸರಿಯಾಗಿ ಕೇಳಿದ್ರಾ ಅಂತ. ನಿಮ್ಮದನ್ನ ಯಾರೂ ಕೇಳೇ ಇಲ್ಲ. ಕೆಳ ಕೋರ್ಟು, ಕೆಳ ಕೋರ್ಟು ಅಂತ ಮೂಗು ಮುರೀತೀರಿ. ಬೋರ್ಡು ಬರೆಯೋರು ನೀವು, ಒಂದು ದೀರ್ಘ ಎಳೆದು ನೋಡಿ. ಕೇಳೋ ಕೋರ್ಟು! ಸಾಕ್ಷಿ ಕೇಳೋದು, ಮಾತು ಕೇಳೋದು ಎಲ್ಲಾ ಅಲ್ಲೇ. ಕೇಳದೆ ಕೊಟ್ಟ ತೀರ್ಪನ್ನ ತೆಗೆದು ಮತ್ತೆ ಕೇಳಿ ಅಂತ ಕೇಳೋಕೂ ಆ ಕೇಳೋ ಕೋರ್ಟಿಗೇ ಮೊದಲು ಹೋಗ್ಬೇಕು. ಮೂರನೇ ಬಾ‍ಗಿಲು. ಇಲ್ಲಿಂದ ಹನ್ನೆರಡು ಹೆಜ್ಜೆ."

ಹನ್ನೆರಡು ಹೆಜ್ಜೆ! ಹೈಕೋರ್ಟು ಮೇಲಿನ ಟ್ಯಾಂಕನ್ನು ನೆನೆದು ಗೋಡೆಗೆ ಒರಗಿದ.

ಗುಮಾಸ್ತರು ಅಲ್ಲೇ ನಿಂತು ಒಂದು ಹಾಳೆಯಲ್ಲಿ ಅರ್ಜಿ ಗೀಚಿ ಅವನ ಸಹಿ ತೆಗೆದುಕೊಂಡರು. ಆಮೇಲೆ ಹಲಗೆಯನ್ನು ನೋಡಿ, "ಇದನ್ನ ಒಳಗೆ ತರೋ ಹಾಗಿದ್ರೆ ಮೊದಲು 'ಮೇಲ್' ಒರೆಸಿ. ಬರೀ ಮನವಿ ಸಾಕು," ಎಂದರು. ಹೈಕೋರ್ಟು ಅಂಗಿಯ ತುದಿಯಿಂದಲೇ 'ಮೇಲ್' ಉಜ್ಜಿದ. ಹನ್ನೆರಡು ವರ್ಷದ ದೊಡ್ಡಸ್ತಿಕೆ ಒಂದು ನೀಲಿ ಕಲೆಯಾಗಿ ಅಂಗಿಗೆ ಅಂಟಿತು.

ಮೂರನೇ ಕೋರ್ಟು ಏಳುವ ಹೊತ್ತು. ನ್ಯಾಯಾಧೀಶೆ ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಹಿಂದಿನ ಬೆಂಚಿನಲ್ಲಿ, ಬೆಳಗಿನ ಕೆಲಸಕ್ಕೆ ಅಮೀನರನ್ನು ಗೊತ್ತುಮಾಡಿಕೊಳ್ಳಲು ಬಂದಿದ್ದ ಕನ್ನಡಕದವರು ಕೂತಿದ್ದರು. ಬಾಗಿಲಲ್ಲಿ ಮೊದಲು ಹಲಗೆ ಬಂತು, ಅದರ ಹಿಂದೆ ಹೈಕೋರ್ಟು, ಅವನ ಹಿಂದೆ ಗುಮಾಸ್ತರು.

ಅರ್ಜಿ ಓದಿ ನ್ಯಾಯಾಧೀಶೆ ಕೇಳಿದರು: "ವಿಚಾರಣೆಯ ದಿನ ಎಲ್ಲಿದ್ರಿ?"

"ವಿಚಾರಣೇಲಿ ಅಮ್ಮಾ... ಮಹಾಸ್ವಾಮೀ... ಅಮ್ಮಾ."

"ಯಾರ ಮುಂದೆ?"

"ಇವರ ಮುಂದೆ."

ಗುಮಾಸ್ತರು ಹಲಗೆಯ ಮರೆಗೆ ಸರಿದರು. ನ್ಯಾಯಾಧೀಶೆ ಅವರನ್ನು ದಿಟ್ಟಿಸಿದರು. "ನೀವು ವಾದ ಕೇಳಿದ್ರಾ?"

"ಮುಕ್ಕಾಲು ಗಂಟೆ ಕೇಳಿದೆ ಅಮ್ಮಾ."

"ತೀರ್ಪೂ ಕೊಟ್ರಾ?"

"ಬಾಯಿತಪ್ಪಿ ಬಂತು."

"ಇದುವರೆಗೆ ಎಷ್ಟು ಕೇಸು ತೀರ್ಮಾನ ಮಾಡಿದೀರಿ?"

"ಇದೊಂದೇ ಅಮ್ಮಾ. ಅದೂ ತಲೆಕೆಳಗಾಯ್ತು."

ನ್ಯಾಯಾಧೀಶೆ ಎದ್ದು, ಯಾರಿಗೂ ಏನೂ ಹೇಳದೆ, ಹಜಾರಕ್ಕೆ ನಡೆದರು. ಕೋರ್ಟು ಇಡಿಯಾಗಿ ಅವರ ಹಿಂದೆ ಹೋಯಿತು. ಕಿಂಡಿಯ ಮೇಲಿನ 'ವಿಚಾರಣೆ'ಯನ್ನು ಓದಿದರು, ಸಮನ್ಸಿನ 'ವಿಚಾರಣೆ'ಯನ್ನು ಓದಿದರು, ಮತ್ತೊಮ್ಮೆ ಬೋರ್ಡನ್ನು ಓದಿದರು. ಅವರ ತುಟಿಯ ಒಂದು ಮೂಲೆ ಅಲುಗಿತು ಎಂದು ಜವಾನ ಇಂದಿಗೂ ಸಾಧಿಸುತ್ತಾನೆ. ವಾಪಸು ಬಂದು ಕೂತು, "ಗೈರುಹಾಜರಿಯ ತೀರ್ಪು ರದ್ದು. ಮತ್ತೆ ಕೇಳೋಣ. ನಿಮ್ಮ ಮನವಿಯ ಪ್ರತಿ ವಾದಿಗೆ ಕೊಟ್ಟಿದೀರಾ?" ಎಂದರು.

ಹೈಕೋರ್ಟು ಹಲಗೆ ನೋಡಿಕೊಂಡ. "ಇನ್ನೊಂದು ಪ್ರತಿಗೆ ಹದಿನಾಲ್ಕು ದಿನ ಬೇಕು ಅಮ್ಮಾ."

"ಬೇಡ, ನಾನು ಇಲ್ಲಿಂದಲೇ ಓದಿದೆ," ಎಂಬ ದನಿ ಹಿಂದಿನ ಬೆಂಚಿನಿಂದ ಬಂತು. ಕನ್ನಡಕದವರು ಎದ್ದು ನಿಂತಿದ್ದರು, ಬಾಯಿ ಅರ್ಧ ತೆರೆದು. "ಅಮ್ಮಾ, ಇಪ್ಪತ್ತಡಿ ದೂರ ಇದೆ. ಕೊನೇ ಸಾಲೂ ಕಾಣ್ತಿದೆ! 'ಅತ್ತೆಗೆ ಮಂಡಿನೋವು.' ಕೊಂಬು, ಗುಡಿಸು, ಒತ್ತಕ್ಷರ, ಒಂದೊಂದೂ..." ಅವರಿಗೆ ತಾವು ಯಾರ ಪರ ಮಾತಾಡುತ್ತಿದ್ದೇವೆಂಬುದು ತಡವಾಗಿ ಹೊಳೆದು ಕೂತರು.

ನ್ಯಾಯಾಧೀಶೆ ಹೈಕೋರ್ಟನ್ನು ಕೇಳಿದರು. "ಅವರಿಗೆ ಅಕ್ಷರದ ಪಟದ ಮೇಲೆ ಬೆಳಕು ಬೇಕು. ನಿಮಗೆ ಮೆಟ್ಟಿಲು ಬೇಕು. ಕಾನೂನಿನ ಪ್ರಕಾರ ನೀವೇನು ಹೇಳ್ತೀರಿ?"

ಹೈಕೋರ್ಟು ಬಾಯಿ ತೆರೆದ. ನಮಗೆಲ್ಲ ಗೊತ್ತಿದ್ದ ಯಾವ ಬೋರ್ಡಿನ ಮಾತೂ ಹೊರಡಲಿಲ್ಲ.

"ಕಾನೂನು ನನಗೆ ಗೊತ್ತಿಲ್ಲ ಅಮ್ಮಾ. ಅಕ್ಷರ ಗೊತ್ತು," ಎಂದ. ಕೈ ತಾನಾಗಿ ಗಾಳಿಯಲ್ಲಿ ಬ್ರಷ್ಷು ಹಿಡಿಯಿತು. "ಹದಿನೇಳು ಮೆಟ್ಟಿಲಿಗೆ ಹದಿನೇಳು ಮುಖ ಇದೆ. ಎಲ್ಲಾ ಅಂಗಳದ ಕಡೆ, ಬಿಸಿಲಿಗೆ. ಅಕ್ಷರದ ಪಟವನ್ನ ಅದರ ಮೇಲೇ ಬರೀತೀನಿ. ಮೇಲೆ ದೊಡ್ಡ ಅಕ್ಷರ, ಇಳೀತಾ ಇಳೀತಾ ಸಣ್ಣದು. ಇವರು ಅಂಗಳದ ಆ ಕೊನೇಲಿ ಕುರ್ಚಿ ಹಾಕ್ಲಿ. ಇಡೀ ಊರಲ್ಲಿ ಇಷ್ಟು ದೊಡ್ಡ ಪಟ ಯಾರ ಹತ್ರಾನೂ ಇರಲ್ಲ."

ಕನ್ನಡಕದವರು ಮತ್ತೆ ಎದ್ದು ನಿಂತರು. ಈ ಬಾರಿ ಕೂರಲಿಲ್ಲ. "ಒತ್ತಕ್ಷರ ಎಷ್ಟನೇ ಮೆಟ್ಟಿಲಿಂದ ಶುರು ಮಾಡ್ತೀರಿ?" ಎಂದರು.

ರಾಜಿ ಬರೆಯಲು ಹತ್ತು ನಿಮಿಷ ಹಿಡಿಯಿತು. ಹೊರಡುವಾಗ ನ್ಯಾಯಾಧೀಶೆ, "ಆ ಕಿಂಡಿಯ ಬೋರ್ಡನ್ನೂ ಬದಲಾಯಿಸಿಬಿಡಿ," ಎಂದರು. ಅದರ ಜಾಗದಲ್ಲಿ ಈಗ 'ಇಲ್ಲಿ ಕೇಳಿ' ಎಂದಿದೆ. ಕೆಲವರು ಬಂದು ಗುಮಾಸ್ತರನ್ನು ಏನೋ ಕೇಳುತ್ತಾರೆ. ಇನ್ನು ಕೆಲವರು ಕಂಬಿಗೆ ಕಿವಿ ಹಚ್ಚಿ, ಅವರು ಹೇಳುವುದನ್ನು ಕೇಳಲು ಕಾಯುತ್ತ ನಿಲ್ಲುತ್ತಾರೆ. ಗುಮಾಸ್ತರು ಅವರಿಗೆ ಮೆಟ್ಟಿಲಿನ ಕಥೆ ಹೇಳುತ್ತಾರೆ.

ಮೆಟ್ಟಿಲಿನ ಪಟ ಮುಗಿದ ದಿನ ಬೀದಿಯೇ ಅಂಗಳದಲ್ಲಿ ಸೇರಿತ್ತು. ಕನ್ನಡಕದವರು ಕುರ್ಚಿ ಹಾಕಿ ಮೊದಲು ಇಸ್ತ್ರಿಯವನನ್ನು ಕೂರಿಸಿದರು. ಅವನು ಮೇಲಿನಿಂದ ಓದುತ್ತ ಬಂದ. ನಡುವೆ ಅತ್ತೆ ಇಳಿಯತೊಡಗಿದ್ದರಿಂದ ಅಕ್ಷರಗಳು ಒಂದೊಂದಾಗಿ ಮರೆಯಾಗಿ ಒಂದೊಂದಾಗಿ ಹೊರಬಂದವು.

"ಅಜ್ಜಿ ಈಗ ಎಷ್ಟನೇ ಮೆಟ್ಟಿಲಲ್ಲಿದ್ದಾರೆ ಹೇಳಿ," ಎಂದರು ಕನ್ನಡಕದವರು.

"ಹನ್ನೊಂದನೇದು. ಬೈತಿದಾರೆ."

"ಕಣ್ಣೂ ಸರಿಯಿದೆ, ಕಿವೀನೂ ಸರಿಯಿದೆ. ಮುಂದಕ್ಕೆ ಓದಿ."

ಅತ್ತೆ ಬೈಗುಳ ಮುಗಿಸಿ ವಾಪಸು ಹತ್ತಿ ತಮ್ಮ ಜಾಗದಲ್ಲಿ ಕೂತರು. ಇಸ್ತ್ರಿಯವನು ಕಣ್ಣು ಕಿರಿದು ಮಾಡಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಬಂದ. ಅಲ್ಲಿನ ಅಕ್ಷರ ಕಾಳಿಗಿಂತ ಸಣ್ಣದು. "ಏನೇ... ಆದರೂ... ಮೆ... ಮೆಟ್ಟಿಲು... ನಮ್ಮದೇ."

ಕನ್ನಡಕದವರು ಕಣ್ಣಿನ ಕನ್ನಡಕ ತೆಗೆದು ಇನ್ನೊಂದು ಹಾಕಿ, ಕೆಳಗಿನ ಮೆಟ್ಟಿಲ ಮುಂದೆ ಮಂಡಿಯೂರಿ, ಮೂಗು ತಾಗುವಂತೆ ಓದಿದರು. ಹೈಕೋರ್ಟಿನ ಕಾಲು ಕುಣಿಯತೊಡಗಿತು. ಆತ ಮೇಲೆ, ಅತ್ತೆಯ ಪಕ್ಕದಲ್ಲಿ ನಿಂತು, ಬಣ್ಣದ ಡಬ್ಬಿಯ ಮುಚ್ಚಳವನ್ನು ಬಹಳ ಗಮನವಿಟ್ಟು ಪರೀಕ್ಷಿಸುತ್ತಿದ್ದ.

ಕನ್ನಡಕದವರು ಎದ್ದರು. ಮಂಡಿಯ ಧೂಳು ಕೊಡವಿಕೊಂಡು ತಲೆ ಎತ್ತಿ ಮೇಲಕ್ಕೆ ನೋಡಿದರು. "ಅಮ್ಮಾ, ಒಂದು ಮೇಲ್ಮನವಿ ಇದೆ."

"ಹೇಳಿ, ಮೇಲೇ ಇದೀನಿ," ಎಂದರು ಅತ್ತೆ. ಇಸ್ತ್ರಿಯವನಿಂದ ಇನ್ನೊಮ್ಮೆ ಆ ಸಾಲು ಓದಿಸಿದರು. ಬಿಸ್ಕತ್ತು ಪೂರ್ತಿ ಅಗಿದು ನುಂಗಿ, ಹೈಕೋರ್ಟಿನ ಕಡೆ ತಿರುಗಿದರು.

"ಅಳಿಯಂದ್ರೇ, ಅಳಿಸ್ರಿ."

ಇದರ ಮೇಲೆ ಇನ್ನೊಂದು ಕೋರ್ಟಿಲ್ಲವೆಂದು ಅವನಿಗೆ ಯಾವ ಪಟವನ್ನೂ ನೋಡದೆ ಗೊತ್ತಿತ್ತು. ಚಿಂದಿ ಬಟ್ಟೆ ತೆಗೆದುಕೊಂಡು ಹದಿನೇಳು ಮೆಟ್ಟಿಲು ಇಳಿದ.